ನೂರು ಪುಟಕ್ಕೂ ಒಂದೇ ಫುಟರ್ ಇಡುವುದು ಹೇಗೆ?

ಕಲ್ಸಂಕ

ನಮಸ್ಕಾರ. ಉಡುಪಿ ಹತ್ತಿರದ ಒಂದು ಹವ್ಯಾಸಿ ಯಕ್ಷಗಾನ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ನನ್ನ ಮೇಲಿದೆ. ನಾನು ಹೈಸ್ಕೂಲ್ ಟೀಚರ್, ಪ್ರೋಗ್ರಾಮರ್ ಅಲ್ಲ. ಸೈಟ್ ಬರೀ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್. ವರ್ಡ್‌ಪ್ರೆಸ್ ಇಲ್ಲ, ಡೇಟಾಬೇಸ್ ಇಲ್ಲ. ಪ್ರಸಂಗಗಳ ಕಥೆ, ಕಲಾವಿದರ ಪರಿಚಯ, ಹಳೆಯ ಆಟಗಳ ಫೋಟೋ ಎಲ್ಲ ಸೇರಿ ನೂರರ ಹತ್ತಿರ ಪುಟಗಳಿವೆ.

ತಲೆನೋವು ಫುಟರ್‌ದು. ವಿಳಾಸ, ಫೋನ್, ತರಗತಿಯ ಸಮಯ, ಕಾಪಿರೈಟ್ ಸಾಲು ಪ್ರತಿ ಪುಟದ ಅಡಿಯಲ್ಲೂ ಇದೆ. ಎಲ್ಲವೂ ಕಾಪಿ ಪೇಸ್ಟ್. ಈಗ ಸಂಘದವರು ಲ್ಯಾಂಡ್‌ಲೈನ್ ಸರೆಂಡರ್ ಮಾಡಿದ್ದಾರೆ. 0820 ಇರುವ ಸಾಲನ್ನು ತೆಗೆದು ಮೊಬೈಲ್ ನಂಬರ್ ಹಾಕಬೇಕು. ಅಷ್ಟರಲ್ಲಿ ಆಟದ ಸೀಸನ್ ಮುಗಿಯುವ ಪತ್ತನಾಜೆ ಬರುತ್ತದೆ. ಮಳೆಗಾಲದಲ್ಲಿ ನಮ್ಮದು ವೇಷ, ಕುಣಿತ ಇಲ್ಲದೆ ಕೂತು ನಡೆಸುವ ತಾಳಮದ್ದಳೆ ಮಾತ್ರ. ಆ ಸಮಯವೂ ಫುಟರ್‌ನಲ್ಲೇ ಇದೆ. ದೀಪಾವಳಿ ಕಳೆದ ಮೇಲೆ ಅದು ಪುನಃ ಬದಲಾಗುತ್ತದೆ.

ಒಂದೇ ಕಡೆ ಬರೆದು ಎಲ್ಲ ಪುಟಕ್ಕೂ ಬರುವ ಹಾಗೆ ಮಾಡಲು ಎಚ್‌ಟಿಎಂಎಲ್‌ನಲ್ಲೇ ದಾರಿ ಉಂಟಾ? ನಮ್ಮದು ಶೇರ್ಡ್ ಹೋಸ್ಟಿಂಗ್, ಅಪಾಚೆ ಸರ್ವರ್, ಸಿಪ್ಯಾನೆಲ್ ಇದೆ. ಇನ್ನೊಂದು ಮಾತು. ಮುಂದೆ ಈ ಕೆಲಸ ಸಂಘದ ಬೇರೆಯವರ ಕೈಗೆ ಹೋಗುತ್ತದೆ. ಅವರಿಗೂ ಅರ್ಥ ಆಗುವಂಥದ್ದು ಬೇಕು.

ಹಂಪನಕಟ್ಟೆ

ಇದಕ್ಕೆ ಇಷ್ಟು ಯೋಚನೆ ಯಾಕೆ ಮೇಡಂ? ವಿಎಸ್ ಕೋಡ್ ಎಡಿಟರ್‌ನಲ್ಲಿ ಇಡೀ ಫೋಲ್ಡರ್ ತೆರೆಯಿರಿ. ಕಂಟ್ರೋಲ್, ಶಿಫ್ಟ್, ಎಚ್ ಒತ್ತಿ. ಮೇಲೆ ಹಳೆ ನಂಬರ್, ಕೆಳಗೆ ಹೊಸ ನಂಬರ್. ರಿಪ್ಲೇಸ್ ಆಲ್. ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು.

ಕಲ್ಸಂಕ

ನಂಬರ್ ಎಲ್ಲ ಕಡೆ ಒಂದೇ ಥರ ಇದ್ದಿದ್ದರೆ ಅದು ಸಾಕಿತ್ತು ಸರ್. ಕೆಲವು ಪುಟದಲ್ಲಿ 0820 ಆದ ಮೇಲೆ ಅಡ್ಡಗೆರೆ ಇದೆ, ಕೆಲವು ಕಡೆ ಸ್ಪೇಸ್, ಕೆಲವು ಕಡೆ ಮೊದಲಿಗೇ ಪ್ಲಸ್ 91. ಬೇರೆ ಬೇರೆ ವರ್ಷ ಬೇರೆ ಬೇರೆಯವರು ಮಾಡಿದ ಪುಟಗಳು. ಅಲ್ಲದೆ ಹೊಸದಾಗಿ ಒಂದು ಸಾಲು ಸೇರಿಸಬೇಕಾದರೆ ಏನನ್ನು ಹುಡುಕಿ ಬದಲಿಸುವುದು?

ಮಣ್ಣಪಳ್ಳ

ಎಚ್‌ಟಿಎಂಎಲ್‌ನಲ್ಲಿ ಚಿತ್ರ ತರಲು ಟ್ಯಾಗ್ ಉಂಟು, ವಿಡಿಯೋಗೆ ಉಂಟು. ಇನ್ನೊಂದು ಎಚ್‌ಟಿಎಂಎಲ್ ತುಂಡನ್ನು ತಂದು ಇಲ್ಲಿ ಸೇರಿಸು ಎನ್ನಲು ಇಲ್ಲ. ಫುಟರ್ ಎಂಬ ಟ್ಯಾಗ್ ಇದೆ ನಿಜ. ಅದು "ಇದು ಪುಟದ ಅಡಿಭಾಗ" ಅಂತ ಬ್ರೌಸರ್‌ಗೆ, ಸ್ಕ್ರೀನ್ ರೀಡರ್‌ಗೆ ಹೇಳುತ್ತದೆ ಅಷ್ಟೆ. ಏನನ್ನೂ ಎಲ್ಲಿಂದಲೂ ತರುವುದಿಲ್ಲ. ಎಚ್‌ಟಿಎಂಎಲ್ ಇಂಪೋರ್ಟ್ಸ್ ಅಂತ ಒಂದು ಬಂದಿತ್ತು. ಕ್ರೋಮ್ ಹಿಡಿದುಕೊಂಡಿತು, ಫೈರ್‌ಫಾಕ್ಸ್ ಮತ್ತು ಸಫಾರಿ ಒಪ್ಪಲಿಲ್ಲ. ಕೊನೆಗೆ 2020ರಲ್ಲಿ ಕ್ರೋಮ್ ಕೂಡ ತೆಗೆದುಹಾಕಿತು. ಹಳೆಯ ಲೇಖನಗಳಲ್ಲಿ ಅದು ಕಂಡರೆ ಬಿಟ್ಟುಬಿಡಿ.

ಹಾಗಾಗಿ ಜೋಡಿಸುವ ಕೆಲಸ ಬೇರೆ ಯಾರಾದರೂ ಮಾಡಬೇಕು. ಸರ್ವರ್ ಮಾಡಬಹುದು. ಓದುಗರ ಬ್ರೌಸರ್ ಮಾಡಬಹುದು. ಇಲ್ಲವೇ ಅಪ್‌ಲೋಡ್‌ಗೆ ಮೊದಲೇ ನಿಮ್ಮ ಲ್ಯಾಪ್‌ಟಾಪ್ ಮಾಡಬಹುದು. ಇಲ್ಲಿ ಯಾರು ಯಾವ ಉಪಾಯ ಹೇಳಿದರೂ ಇದು ಈ ಮೂರರಲ್ಲಿ ಯಾವುದು ಅಂತ ಮೊದಲು ನೋಡಿ. ಅರ್ಧ ಗೊಂದಲ ಅಲ್ಲೇ ಕಡಿಮೆಯಾಗುತ್ತದೆ.

ನನ್ನ ಓಟು ಮೂರನೆಯದಕ್ಕೆ. ಸರ್ವರ್‌ನಲ್ಲಿ ಇರುವುದು ಸಾದಾ ಎಚ್‌ಟಿಎಂಎಲ್ ಆಗಿಯೇ ಉಳಿಯುತ್ತದೆ. ನಾಳೆ ಹೋಸ್ಟಿಂಗ್ ಬದಲಿಸಿದರೂ, ಇಡೀ ಸೈಟನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟರೂ ಪುಟಗಳು ತೆರೆಯುತ್ತವೆ.

ಕೊಟ್ಟಾರಚೌಕಿ

ಅಪಾಚೆ ಕೈಯಲ್ಲೇ ಇರುವಾಗ ಲ್ಯಾಪ್‌ಟಾಪ್‌ನಲ್ಲಿ ಯಾಕೆ ಕಷ್ಟಪಡುವುದು ಮಾರಾಯ್ರೆ? ಎಸ್‌ಎಸ್‌ಐ ಇದೆಯಲ್ಲ, ಸರ್ವರ್ ಸೈಡ್ ಇನ್‌ಕ್ಲೂಡ್ಸ್. 1990ರ ದಶಕದ್ದು. ಹಳೆಯದು ಅಂತ ನಗಬೇಡಿ, ಈ ಕೆಲಸಕ್ಕೆಂದೇ ಹುಟ್ಟಿದ್ದು. ಎನ್‌ಜಿನ್‌ಎಕ್ಸ್ ಎಂಬ ಇನ್ನೊಂದು ಸರ್ವರ್‌ನಲ್ಲೂ ಸಿಗುತ್ತದೆ.

ಫುಟರ್ ಒಂದು ಫೈಲ್‌ನಲ್ಲಿ ಇರುತ್ತದೆ. ಪ್ರತಿ ಪುಟದಲ್ಲಿ ಅದರ ಜಾಗಕ್ಕೆ ಒಂದು ಸಾಲಿನ ಎಚ್‌ಟಿಎಂಎಲ್ ಕಮೆಂಟ್ ಬರೆಯಬೇಕು. ಕಮೆಂಟ್ ಶುರುವಾಗುವ ಎರಡು ಅಡ್ಡಗೆರೆಗೆ ಅಂಟಿಕೊಂಡೇ ಹ್ಯಾಶ್ ಗುರುತು. ಹ್ಯಾಶ್‌ಗೆ ಅಂಟಿಕೊಂಡು ಇನ್‌ಕ್ಲೂಡ್. ಸ್ಪೇಸ್ ಬಿಟ್ಟು ವರ್ಚುವಲ್, ಈಕ್ವಲ್ ಗುರುತು, ಕೋಟ್ ಒಳಗೆ ಫುಟರ್ ಫೈಲ್ ಇರುವ ದಾರಿ. ಕಮೆಂಟ್ ಮುಚ್ಚುವ ಮೊದಲು ಒಂದು ಸ್ಪೇಸ್. ಹ್ಯಾಶ್‌ಗೆ ಮೊದಲು ಸ್ಪೇಸ್ ಬಿದ್ದರೆ ಅದು ಸುಮ್ನೆ ಕಮೆಂಟ್ ಆಗಿ ಉಳಿಯುತ್ತದೆ. ಎರರ್ ಬರುವುದಿಲ್ಲ, ಫುಟರೂ ಬರುವುದಿಲ್ಲ. ಜನ ಒದ್ದಾಡುವುದು ಜಾಸ್ತಿ ಇಲ್ಲೇ.

ವರ್ಚುವಲ್ ಬದಲು ಫೈಲ್ ಎಂದು ಬರೆಯುವ ಕ್ರಮವೂ ಉಂಟು. ಆದರೆ ಅದು ಮೇಲಿನ ಫೋಲ್ಡರ್‌ಗೆ ಹತ್ತಲು ಬಿಡುವುದಿಲ್ಲ. ನಿಮ್ಮ ಕಲಾವಿದರ ಪುಟಗಳು ಒಳಗಿನ ಫೋಲ್ಡರ್‌ನಲ್ಲಿ ಇರಬಹುದು. ಹಾಗಾಗಿ ವರ್ಚುವಲ್ ಹಾಕಿ, ದಾರಿಯನ್ನು ಸ್ಲ್ಯಾಶ್‌ನಿಂದ ಶುರು ಮಾಡಿ.

ರೂಢಿಯಂತೆ ಪುಟದ ಹೆಸರು ಡಾಟ್ ಎಸ್‌ಎಚ್‌ಟಿಎಂಎಲ್ ಆಗಬೇಕು. ಹೆಸರು ಬದಲಾದರೆ ಜನ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಹಳೆಯ ಲಿಂಕ್‌ಗಳೆಲ್ಲ ಹಾಳು. ಅದು ಬೇಡ. ಅಪಾಚೆಗೆ ಸೂಚನೆ ಬರೆಯುವ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ ಎರಡು ಸಾಲು ಹಾಕಿದರೆ ಡಾಟ್ ಎಚ್‌ಟಿಎಂಎಲ್ ಪುಟಗಳನ್ನೇ ಅಪಾಚೆ ಎಸ್‌ಎಸ್‌ಐಗಾಗಿ ನೋಡುತ್ತದೆ. ಒಂದು ಸಾಲು ಆಪ್ಷನ್ಸ್, ಇನ್ನೊಂದು ಆಡ್‌ಔಟ್‌ಪುಟ್‌ಫಿಲ್ಟರ್. ಆಪ್ಷನ್ಸ್‌ನಲ್ಲಿ ಬರೀ ಇನ್‌ಕ್ಲೂಡ್ಸ್ ಬೇಡ, ಕೊನೆಗೆ ನೋಎಕ್ಸೆಕ್ ಇರುವುದನ್ನು ಹಾಕಿ. ಪುಟದ ಒಳಗಿಂದ ಸರ್ವರ್‌ನಲ್ಲಿ ಕಮಾಂಡ್ ಓಡಿಸುವ ಬಾಗಿಲು ಅದರಿಂದ ಮುಚ್ಚುತ್ತದೆ.

ಕಾಪು ಲೈಟ್‌ಹೌಸ್

ಜಾವಾಸ್ಕ್ರಿಪ್ಟ್‌ನಲ್ಲಿ ನಾಲ್ಕು ಸಾಲು ಸಾಕು ಮೇಡಂ. ಪುಟದಲ್ಲಿ ಖಾಲಿ ಡಿವ್ ಇಡಿ. ಫೆಚ್ ಬಳಸಿ ಫುಟರ್ ಫೈಲ್ ತರಿಸಿ ಅದರೊಳಗೆ ತುಂಬಿಸಿ. ಸರ್ವರ್ ಯಾವುದಾದರೂ ಆಗುತ್ತದೆ. ನಮ್ಮ ಕಾಲೇಜು ಫೆಸ್ಟ್‌ನ ಸೈಟ್‌ಗೆ ಹೀಗೇ ಮಾಡಿದ್ದು.

ಮಣ್ಣಪಳ್ಳ

ಫೆಸ್ಟ್ ಸೈಟ್‌ಗೆ ಧಾರಾಳ ಆಯ್ತು. ಇಲ್ಲಿ ನನಗೆ ಅಷ್ಟು ಇಷ್ಟ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಬ್ರೌಸರ್ ಭದ್ರತೆಯ ಕಾರಣಕ್ಕೆ ಆ ಫೆಚ್ಚನ್ನು ತಡೆಯುತ್ತದೆ. ಮೇಡಂ ನಂತರ ಬರುವವರು ಫುಟರ್ ಕಾಣದೆ ಗಾಬರಿಯಾಗುತ್ತಾರೆ. ಪೈಥಾನ್ ಜೊತೆಗೇ ಬರುವ ಪುಟ್ಟ ಎಚ್‌ಟಿಟಿಪಿ ಸರ್ವರ್ ಓಡಿಸಿ ನೋಡಬಹುದು, ಆದರೆ ಅದನ್ನೂ ಕಲಿಸಬೇಕು. ಜೊತೆಗೆ ಪುಟ ಬಂದ ಮೇಲೆ ಫುಟರ್‌ಗಾಗಿ ಇನ್ನೊಂದು ಸಲ ಸರ್ವರ್‌ಗೆ ಹೋಗಬೇಕು. ಆಗುಂಬೆ ಘಾಟಿಯ ಬಸ್ಸಿನಲ್ಲಿ ಕೂತು ಫೋನ್ ನಂಬರ್ ಹುಡುಕುವವರಿಗೆ ಬೇಕಾದ ಒಂದೇ ಒಂದು ಸಾಲು ಕೊನೆಯಲ್ಲಿ ಬರುತ್ತದೆ, ಅಥವಾ ಬರುವುದೇ ಇಲ್ಲ.

ಕಾಪು ಲೈಟ್‌ಹೌಸ್

ಹಾಗಾದರೆ ಕಸ್ಟಮ್ ಎಲಿಮೆಂಟ್, ಅಂದರೆ ಜಾವಾಸ್ಕ್ರಿಪ್ಟ್‌ನಿಂದ ನಾವೇ ಮಾಡುವ ಟ್ಯಾಗ್? ಫುಟರ್‌ನ ಎಚ್‌ಟಿಎಂಎಲ್ ಪೂರ್ತಿ ಜೆಎಸ್ ಫೈಲ್ ಒಳಗೇ ಇರುತ್ತದೆ. ಸಂಘ, ಅಡ್ಡಗೆರೆ, ಫುಟರ್ ಅಂತ ನಮ್ಮದೇ ಟ್ಯಾಗ್. ಹೆಸರಿನಲ್ಲಿ ಅಡ್ಡಗೆರೆ ಕಡ್ಡಾಯ. ಫೆಚ್ ಇಲ್ಲದ ಕಾರಣ ಡಬಲ್ ಕ್ಲಿಕ್ ಮಾಡಿದರೂ ಕಾಣುತ್ತದೆ. ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಟೈಪ್ ಮಾಡ್ಯೂಲ್ ಅಂತ ಬರೆಯಬಾರದು ಅಷ್ಟೆ. ಬರೆದರೆ ಮತ್ತೆ ಅದೇ ತಡೆ.

ಮಣ್ಣಪಳ್ಳ

ಅದು ಫೆಚ್‌ಗಿಂತ ಒಳ್ಳೆಯದು, ಒಪ್ಪಿದೆ. ಬ್ರೌಸರ್‌ನಲ್ಲೇ ಜೋಡಿಸಬೇಕು ಅಂತಾದರೆ ನಾನೂ ಅದನ್ನೇ ಮಾಡುತ್ತೇನೆ.

ಬಂದರು ಬದಿ

ಪುಟದೊಳಗೆ ಇನ್ನೊಂದು ಪುಟ ತೋರಿಸುವ ಐಫ್ರೇಮ್ ಅಂತ ಒಂದು ಉಂಟಲ್ಲ, ಯಾರೂ ಹೇಳಲಿಲ್ಲ?

ಕೊಟ್ಟಾರಚೌಕಿ

ಹೇಳದೆ ಇರುವುದಕ್ಕೆ ಕಾರಣ ಉಂಟು. ಎತ್ತರ ತಾನಾಗಿ ಹೊಂದಿಕೊಳ್ಳುವುದಿಲ್ಲ. ಮೊಬೈಲ್‌ನಲ್ಲಿ ವಿಳಾಸ ನಾಲ್ಕು ಸಾಲಾದಾಗ ಅರ್ಧಕ್ಕೆ ಕತ್ತರಿಸಿ ಪಕ್ಕದಲ್ಲಿ ಸ್ಕ್ರಾಲ್ ಪಟ್ಟಿ ಬರುತ್ತದೆ. ಒಳಗಿನ ಲಿಂಕ್ ಒತ್ತಿದರೆ ಹೊಸ ಪುಟ ಆ ಸಣ್ಣ ಪೆಟ್ಟಿಗೆಯೊಳಗೇ ತೆರೆಯುತ್ತದೆ. ಪ್ರತಿ ಲಿಂಕ್‌ಗೂ ಟಾರ್ಗೆಟ್ ಟಾಪ್ ಅಂತ ಕೊಡಬೇಕು. ಪುಟದ ಸಿಎಸ್‌ಎಸ್ ಕೂಡ ಒಳಗೆ ಹೋಗುವುದಿಲ್ಲ.

ಸುರತ್ಕಲ್ ಕ್ರಾಸ್

ಎಲ್ಲರೂ ಸುತ್ತಿ ಬಳಸಿ ಹೋಗುತ್ತಿದ್ದೀರಿ. ಇದಕ್ಕೆ ಸ್ಟ್ಯಾಟಿಕ್ ಸೈಟ್ ಜನರೇಟರ್ ಅಂತಲೇ ಇದೆ, ತುಂಡುಗಳನ್ನು ಜೋಡಿಸಿ ಪೂರ್ತಿ ಎಚ್‌ಟಿಎಂಎಲ್ ಪುಟ ಮಾಡಿಕೊಡುವ ಸಾಫ್ಟ್‌ವೇರ್. ಜೆಕಿಲ್, ಹ್ಯೂಗೊ, ಇಲೆವೆಂಟಿ ಯಾವುದಾದರೂ ಆದೀತು. ನಾನು ಜೆಕಿಲ್ ಹೇಳುತ್ತೇನೆ, ಗಿಟ್‌ಹಬ್ ಪೇಜಸ್ ಎಂಬ ಹೋಸ್ಟಿಂಗ್ ಸೇವೆ ಅದನ್ನು ತಾನಾಗಿ ಬಿಲ್ಡ್ ಮಾಡುತ್ತದೆ. ಇನ್‌ಕ್ಲೂಡ್ಸ್ ಫೋಲ್ಡರ್‌ನಲ್ಲಿ ಫುಟರ್ ಫೈಲ್ ಇಟ್ಟರೆ ಆಯ್ತು. ಫುಟರ್ ಮಾತ್ರ ಯಾಕೆ, ಮೇಲಿನ ಮೆನು, ಹೆಡ್ ಭಾಗ ಎಲ್ಲ ಒಂದೊಂದೇ ಕಡೆ ಬರುತ್ತದೆ. ಫೋನ್ ನಂಬರನ್ನು ಬೇರೆ ಡೇಟಾ ಫೈಲ್‌ನಲ್ಲಿ ಇಟ್ಟರೆ ಫುಟರ್‌ಗೂ ಸಂಪರ್ಕ ಪುಟಕ್ಕೂ ಅಲ್ಲಿಂದಲೇ ಹೋಗುತ್ತದೆ.

ಎರಡು ಎಚ್ಚರಿಕೆ. ಪುಟದ ತಲೆಯಲ್ಲಿ ಮೂರು ಅಡ್ಡಗೆರೆಯ ಎರಡು ಸಾಲು ಇಲ್ಲದಿದ್ದರೆ ಜೆಕಿಲ್ ಆ ಪುಟವನ್ನು ಮುಟ್ಟುವುದೇ ಇಲ್ಲ, ಇದ್ದ ಹಾಗೆ ಕಾಪಿ ಮಾಡುತ್ತದೆ. ಆಗ ಇನ್‌ಕ್ಲೂಡ್ ಸಾಲು ಹಾಗೇ ಪರದೆಯ ಮೇಲೆ ಕಾಣುತ್ತದೆ. ಮತ್ತೆ, ಗಿಟ್‌ಹಬ್‌ನಲ್ಲಿ ಸ್ವಂತ ಡೊಮೈನ್ ಇಲ್ಲದ ಪ್ರಾಜೆಕ್ಟ್ ಸೈಟ್ ಒಂದು ಉಪಫೋಲ್ಡರ್‌ನಲ್ಲಿ ಕೂರುತ್ತದೆ. ಸ್ಲ್ಯಾಶ್‌ನಿಂದ ಶುರುವಾಗುವ ಲಿಂಕ್‌ಗಳು ಅಲ್ಲಿ ತಪ್ಪು ಜಾಗಕ್ಕೆ ಹೋಗುತ್ತವೆ. ರಿಲೇಟಿವ್ ಯುಆರ್‌ಎಲ್ ಫಿಲ್ಟರ್ ಹಾಕಬೇಕು.

ಗಿಟ್‌ಹಬ್ ಪೇಜಸ್‌ನಲ್ಲಿ ಎಸ್‌ಎಸ್‌ಐಯೂ ಓಡುವುದಿಲ್ಲ, ಪಿಎಚ್‌ಪಿಯೂ ಓಡುವುದಿಲ್ಲ. ಅಲ್ಲಿಗೆ ಹೋಗುವ ಯೋಚನೆ ಇದ್ದರೆ ಈಗ ಎಸ್‌ಎಸ್‌ಐ ಹಾಕಿ ಆಮೇಲೆ ಕೀಳಬೇಡಿ.

ಹಂಪನಕಟ್ಟೆ

ಟೀಚರ್ ಕೇಳಿದ್ದು ಒಂದು ಫುಟರ್. ನೀವು ಗಿಟ್, ಜೆಕಿಲ್ ಎಲ್ಲ ಕಲಿಸುತ್ತಿದ್ದೀರಿ.

ಸುರತ್ಕಲ್ ಕ್ರಾಸ್

ನೂರು ಪುಟ ಮಾರಾಯ್ರೆ. ಇವತ್ತು ಫುಟರ್, ನಾಳೆ ಮೆನು, ನಾಡಿದ್ದು ಲೋಗೋ. ಒಂದು ವಾರ ಕೂತು ಕಲಿತರೆ ಮತ್ತೆ ಚಿಂತೆ ಇಲ್ಲ.

ಪಣಂಬೂರು

ವಾರ ಕೂತು ಕಲಿಯುವುದು ಮೇಡಂ. ಅದನ್ನು ಬಳಸುವುದು ಅವರ ನಂತರದವರು. ಮೊದಲ ಪೋಸ್ಟ್‌ನ ಕೊನೆಯ ಸಾಲನ್ನು ಒಮ್ಮೆ ಓದಿ. ಸಂಘಗಳ ಸೈಟ್ ನಿಂತುಹೋಗುವುದು ತಂತ್ರಜ್ಞಾನ ಹಳೆಯದಾದ ಕಾರಣಕ್ಕಲ್ಲ. ಮಾಡಿದವನಿಗೆ ಬೆಂಗಳೂರಿನಲ್ಲೋ ದುಬೈಯಲ್ಲೋ ಕೆಲಸ ಸಿಕ್ಕಿದ ಮೇಲೆ ಉಳಿದವರಿಗೆ ಅದನ್ನು ತೆರೆಯಲೂ ಬರುವುದಿಲ್ಲ. ಈ ಕರಾವಳಿಯಲ್ಲಿ ಇಂಥ ಎಷ್ಟು ಸೈಟ್ ನೋಡಿಲ್ಲ ನಾವು?

ನನ್ನದು ಬೇರೆ ಪ್ರಶ್ನೆ. ತಾಳಮದ್ದಳೆಯ ಸಮಯ ಫುಟರ್‌ನಲ್ಲಿ ಯಾಕೆ ಇದೆ? ವರ್ಷಕ್ಕೆ ಎರಡು ಸಲ ಬದಲಾಗುವ ವಿಷಯ ಅದು. ಕಾರ್ಯಕ್ರಮಗಳು ಅಂತ ಒಂದೇ ಪುಟ ಮಾಡಿ ಅದನ್ನು ಅಲ್ಲಿ ಬರೆಯಿರಿ. ಫುಟರ್‌ನಲ್ಲಿ ಆ ಪುಟದ ಲಿಂಕ್ ಮಾತ್ರ ಸಾಕು. ಫೋನ್ ಇರಲಿ, ಅದನ್ನು ಜನ ಅಲ್ಲೇ ಹುಡುಕುತ್ತಾರೆ. ಒತ್ತಿದರೆ ಕರೆ ಹೋಗುವ ಟೆಲ್ ಲಿಂಕ್ ಮಾಡಿ, ಪ್ಲಸ್ 91 ಸೇರಿಸಿ. ಮುಂಬಯಿ, ಗಲ್ಫ್‌ನಲ್ಲಿ ಇರುವ ನಮ್ಮವರಿಗೂ ಅದು ತಾಗುತ್ತದೆ. ಪದಾಧಿಕಾರಿಗಳ ಹೆಸರು, ಬ್ಯಾಂಕ್ ಖಾತೆ ಇದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಇಷ್ಟಾದರೆ ಫುಟರ್ ಮುಟ್ಟುವ ಕೆಲಸವೇ ಅಪರೂಪ. ಆಗ ಯಾವ ವಿಧಾನ ಆದರೂ ಹೊರೆ ಅನಿಸುವುದಿಲ್ಲ.

ಕಲ್ಸಂಕ

ಪಣಂಬೂರಿನವರು ಹೇಳಿದ್ದು ಸರಿ. ಖಜಾಂಚಿಯವರ ಹೆಸರು, ಖಾತೆ ನಂಬರ್ ಎರಡೂ ಫುಟರ್‌ನಲ್ಲಿ ಇತ್ತು! ಸಂಪರ್ಕ ಪುಟಕ್ಕೆ ಸಾಗಿಸುತ್ತೇನೆ. ಕಾರ್ಯಕ್ರಮಗಳ ಪುಟವನ್ನೂ ಮಾಡುತ್ತೇನೆ.

ಕೊಟ್ಟಾರಚೌಕಿ ಸರ್, ನೀವು ಹೇಳಿದ ಎರಡು ಸಾಲು ಹಾಕಿದೆ. ಇಡೀ ಸೈಟ್ 500 ಎರರ್ ತೋರಿಸಿತು. ಸಾಲು ತೆಗೆದ ತಕ್ಷಣ ಸರಿಯಾಯಿತು. ಹೋಸ್ಟಿಂಗ್‌ನವರಿಗೆ ಬರೆದರೆ ನಿಮ್ಮ ಪ್ಲ್ಯಾನ್‌ನಲ್ಲಿ ಇಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು.

ಕೊಟ್ಟಾರಚೌಕಿ

ಎಚ್‌ಟಿಆಕ್ಸೆಸ್‌ನಲ್ಲಿ ಏನೇನು ಬರೆಯಬಹುದು ಎಂದು ಹೇಳುವ ಅಲೌ ಓವರ್‌ರೈಡ್‌ನಲ್ಲಿ ಅವರು ಆಪ್ಷನ್ಸ್‌ಗೆ ಅನುಮತಿ ಕೊಟ್ಟಿಲ್ಲದಿದ್ದರೆ ಹೀಗೇ ಆಗುತ್ತದೆ. ಅನುಮತಿ ಇಲ್ಲದ ಸಾಲು ಎಚ್‌ಟಿಆಕ್ಸೆಸ್‌ನಲ್ಲಿ ಕಂಡರೆ ಅಪಾಚೆ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ, 500 ಕೊಟ್ಟು ನಿಲ್ಲುತ್ತದೆ. ಪಿಎಚ್‌ಪಿ ಇನ್‌ಕ್ಲೂಡ್ ಸಾಮಾನ್ಯವಾಗಿ ಓಡುತ್ತದೆ, ಶೇರ್ಡ್ ಹೋಸ್ಟಿಂಗ್‌ನಲ್ಲಿ ಅದು ಇಲ್ಲದೆ ಇರುವುದು ಅಪರೂಪ. ಆದರೆ ಪುಟಗಳು ಡಾಟ್ ಪಿಎಚ್‌ಪಿ ಆಗಬೇಕು, ಹಳೆಯ ಲಿಂಕ್‌ಗಳಿಗೆ ರೀಡೈರೆಕ್ಟ್ ಹಾಕಬೇಕು. ನಿಮ್ಮ ಜಾಗದಲ್ಲಿ ನಾನು ಇದ್ದರೆ ಈಗ ಮಣ್ಣಪಳ್ಳದವರ ಮಾತು ಕೇಳುತ್ತೇನೆ.

ಮಣ್ಣಪಳ್ಳ

ಬಂದಿರಿ ದಾರಿಗೆ!

ಮೇಡಂ, ಒಂದು ಪ್ರಶ್ನೆ. ಹಳೆಯ ಪುಟಗಳನ್ನು ವೆಬ್ ಪುಟ ಮಾಡುವ ಡ್ರೀಮ್‌ವೀವರ್ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದಾ? ಸೋರ್ಸ್ ತೆರೆದು ಬಿಗಿನ್ ಲೈಬ್ರರಿ ಐಟಂ, ಎಂಡ್ ಲೈಬ್ರರಿ ಐಟಂ ಎಂಬ ಕಮೆಂಟ್‌ಗಳು ಇವೆಯಾ ನೋಡಿ. ಇದ್ದರೆ ನಿಮ್ಮ ಅರ್ಧ ಕೆಲಸವನ್ನು ಯಾರೋ ಆಗಲೇ ಮಾಡಿಟ್ಟಿದ್ದಾರೆ.

ಕಲ್ಸಂಕ

ಹೌದು! ಮುಕ್ಕಾಲು ಪುಟಗಳಲ್ಲಿ ಫುಟರ್‌ನ ಮೇಲೆ ಕೆಳಗೆ ಅದೇ ಇದೆ. ಏನೋ ಸಾಫ್ಟ್‌ವೇರ್‌ನ ಕಸ ಅಂತ ಅಳಿಸುವವಳಿದ್ದೆ.

ಮಣ್ಣಪಳ್ಳ

ಅಳಿಸಬೇಡಿ. ಡ್ರೀಮ್‌ವೀವರ್ ಆ ಎರಡು ಗುರುತಿನ ನಡುವೆ ಇರುವುದನ್ನು ತೆಗೆದು ಲೈಬ್ರರಿ ಫೈಲ್‌ನಲ್ಲಿ ಇರುವುದನ್ನು ತುಂಬಿಸುತ್ತಿತ್ತು. ನಾವು ಅದನ್ನೇ ಸಣ್ಣ ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಮಾಡೋಣ. ಗುರುತು ಇಲ್ಲದ ಪುಟಗಳಿಗೆ ಒಂದು ಸಲ ಕೈಯಿಂದ ಹಾಕಿ. ಮೆನುವಿಗೂ ಬೇರೆ ಲೈಬ್ರರಿ ಐಟಂ ಇರಬಹುದು. ಶುರುವಿನ ಗುರುತಿನಲ್ಲಿ ಫುಟರ್‌ನ ಫೈಲ್ ಹೆಸರು ಇರುವುದನ್ನು ಮಾತ್ರ ಹಿಡಿಯಬೇಕು.

ಸ್ಕ್ರಿಪ್ಟ್ ಮಾಡುವುದು ಇಷ್ಟೇ. ಫುಟರ್ ಫೈಲ್ ಓದುತ್ತದೆ. ಫೋಲ್ಡರ್, ಅದರೊಳಗಿನ ಫೋಲ್ಡರ್ ಎಲ್ಲ ಸುತ್ತಿ ಎಚ್‌ಟಿಎಂಎಲ್ ಫೈಲ್‌ಗಳನ್ನು ಹುಡುಕುತ್ತದೆ. ಎರಡು ಗುರುತಿನ ನಡುವಿನದನ್ನು ಬದಲಿಸಿ ಸೇವ್ ಮಾಡುತ್ತದೆ. ಗುರುತು ಹಾಗೇ ಉಳಿಯುವುದರಿಂದ ಎಷ್ಟು ಸಲ ಓಡಿಸಿದರೂ ಫುಟರ್ ಒಂದೇ ಇರುತ್ತದೆ. ಗುರುತು ಸಿಗದ ಪುಟದ ಹೆಸರನ್ನು ಪರದೆಯ ಮೇಲೆ ಬರೆಯಲಿ. ಇದನ್ನು ಮಾತ್ರ ಬಿಡಬೇಡಿ, ಇಲ್ಲದಿದ್ದರೆ ಯಾವುದೋ ಒಂದು ಪುಟದಲ್ಲಿ ಹಳೆ ನಂಬರ್ ಉಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಬರೆಯುವಾಗ ಕಾಲು ಜಾರುವ ಜಾಗ ಕೆಲವು ಉಂಟು. ವಿಂಡೋಸ್‌ನಲ್ಲಿ ಪೈಥಾನ್ ಫೈಲ್ ತೆರೆಯುವಾಗ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಉಳಿಸಿದ ಕ್ರಮ, ಹೇಳದಿದ್ದರೆ ಯುನಿಕೋಡ್‌ನ ಯುಟಿಎಫ್-8 ಅಂತ ಅದು ಭಾವಿಸದೆ ಇರಬಹುದು, ಕನ್ನಡ ಹಾಳಾಗುತ್ತದೆ. ಓದುವಾಗಲೂ ಬರೆಯುವಾಗಲೂ ಎನ್‌ಕೋಡಿಂಗ್ ಕೊಡಿ. ಹುಡುಕುವ ಮಾದರಿಗೆ, ಅಂದರೆ ರೆಗೆಕ್ಸ್‌ಗೆ, ಡಾಟ್‌ಆಲ್ ಕೊಡಿ, ಇಲ್ಲದಿದ್ದರೆ ಹಲವು ಸಾಲಿನ ಫುಟರ್ ಸಿಗುವುದಿಲ್ಲ. ನ್ಯೂಲೈನ್‌ಗೆ ಖಾಲಿ ಕೋಟ್ ಕೊಡಿ. ಕೊಡದಿದ್ದರೆ ಸಾಲಿನ ಕೊನೆಯ ಗುರುತುಗಳು ಬದಲಾಗಿ, ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡುವಾಗ ಇಡೀ ಪುಟ ಬದಲಾದ ಹಾಗೆ ಕಾಣುತ್ತದೆ. ಫುಟರ್ ಫೈಲನ್ನು ಬಿಒಎಂ (ಫೈಲ್‌ನ ಶುರುವಿನಲ್ಲಿ ಬರುವ ಕಾಣದ ಗುರುತು) ಇಲ್ಲದ ಯುಟಿಎಫ್-8ನಲ್ಲಿ ಸೇವ್ ಮಾಡಿ.

ಫುಟರ್ ಒಳಗಿನ ಲಿಂಕ್, ಲೋಗೋ ಎಲ್ಲ ಸ್ಲ್ಯಾಶ್‌ನಿಂದ ಶುರುವಾಗಲಿ. ನಿಮ್ಮದು ಸ್ವಂತ ಡೊಮೈನ್, ಹಾಗಾಗಿ ತೊಂದರೆ ಇಲ್ಲ. ಡಬಲ್ ಕ್ಲಿಕ್ ಮಾಡಿ ನೋಡುವಾಗ ಮಾತ್ರ ಲೋಗೋ ಕಾಣುವುದಿಲ್ಲ, ಆ ಲಿಂಕ್‌ಗಳೂ ನಡೆಯುವುದಿಲ್ಲ, ಅಲ್ಲಿ ಸ್ಲ್ಯಾಶ್ ಅಂದರೆ ಡ್ರೈವ್‌ನ ಬುಡ. ಮೊದಲ ಸಲ ಓಡಿಸುವ ಮೊದಲು ಇಡೀ ಫೋಲ್ಡರ್‌ನ ಕಾಪಿ ತೆಗೆದಿಡಿ.

ಸುರತ್ಕಲ್ ಕ್ರಾಸ್

ಇದು ಕೈಯಲ್ಲಿ ಬರೆದ ಜೆಕಿಲ್ ಅಲ್ವಾ?

ಮಣ್ಣಪಳ್ಳ

ಹೌದು. ಆದರೆ ಸ್ಕ್ರಿಪ್ಟ್ ಕಳೆದುಹೋದರೂ ಪುಟಗಳು ಪೂರ್ತಿಯಾಗಿ ಉಳಿಯುತ್ತವೆ. ಹಂಪನಕಟ್ಟೆಯವರ ಕಂಟ್ರೋಲ್ ಶಿಫ್ಟ್ ಎಚ್ ಕೂಡ ಆಗ ಸರಿಯಾಗಿ ನಡೆಯುತ್ತದೆ, ಯಾಕೆಂದರೆ ಎಲ್ಲ ಫುಟರೂ ಅಕ್ಷರ ಅಕ್ಷರ ಒಂದೇ ಇರುತ್ತದೆ.

ಹಂಪನಕಟ್ಟೆ

ಕೊನೆಗೆ ನನ್ನ ಹೆಸರೂ ಬಂತು! ಕಾಪಿರೈಟ್ ವರ್ಷ ಏನು ಮಾಡುತ್ತೀರಿ? ಪ್ರತಿ ಜನವರಿ ಬದಲಿಸಬೇಕಲ್ಲ.

ಪಣಂಬೂರು

ಯಾಕೆ ಬದಲಿಸಬೇಕು? ಆ ಸಾಲು ಇಲ್ಲದಿದ್ದರೂ ಬರೆದವರ ಹಕ್ಕು ಹೋಗುವುದಿಲ್ಲ. ನಮ್ಮ 1957ರ ಕಾಯ್ದೆಯಲ್ಲಿ ನೋಂದಣಿಯೂ ಕಡ್ಡಾಯ ಇಲ್ಲ. ಸೈಟ್ ಶುರುವಾದ ವರ್ಷ ಬರೆದು ಬಿಟ್ಟುಬಿಡಿ.

ಕಾಪು ಲೈಟ್‌ಹೌಸ್

ಬೇಕೇ ಬೇಕು ಅಂತಾದರೆ ಈ ವರ್ಷವನ್ನು ಜಾವಾಸ್ಕ್ರಿಪ್ಟ್‌ನಿಂದ ಹಾಕಬಹುದು. ಕನ್ನಡ ಅಂಕಿಯಲ್ಲೂ ಬರುತ್ತದೆ, ಭಾಷೆಯ ಕೋಡ್‌ಗೆ ಕನ್ನಡ ಅಂಕಿಯ ಎಕ್ಸ್‌ಟೆನ್ಷನ್ ಸೇರಿಸಬೇಕು. ಯೂಸ್ ಗ್ರೂಪಿಂಗ್ ಫಾಲ್ಸ್ ಅಂತ ಕೊಡಿ. ಇಲ್ಲದಿದ್ದರೆ ಎರಡರ ಪಕ್ಕದಲ್ಲಿ ಅಲ್ಪವಿರಾಮ ಬಂದು ವರ್ಷ ಅಂಗಡಿಯ ಬಿಲ್ಲಿನ ಹಾಗೆ ಕಾಣುತ್ತದೆ.

ಕಲ್ಸಂಕ

ಶುರುವಾದ ವರ್ಷ ಮಾತ್ರ ಹಾಕಿದೆ. ಸಮಾಧಾನ.

ಸ್ಕ್ರಿಪ್ಟ್ ಓಡಿಸಿದೆವು, ನಮ್ಮ ಶಾಲೆಯ ಕಂಪ್ಯೂಟರ್ ಸರ್ ಜೊತೆಗೆ ಕೂತರು. ಬಹುತೇಕ ಪುಟಗಳು ಚಂದ ಆದವು. ಆದರೆ ಕೆಲವು ಪುಟಗಳನ್ನು ಓದುವಾಗಲೇ ಯುನಿಕೋಡ್ ಡಿಕೋಡ್ ಎರರ್ ಅಂತ ನಿಂತಿತು. ತೆರೆದು ನೋಡಿದರೆ ಅವು ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಪುಟಗಳು. ಸೋರ್ಸ್‌ನಲ್ಲಿ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಗುರುತುಗಳು. ಇವನ್ನು ಏನು ಮಾಡುವುದು?

ಮಣ್ಣಪಳ್ಳ

ಅವು ಯುನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಅದು. ಪುಟದ ತಲೆಯಲ್ಲಿ ಎನ್‌ಕೋಡಿಂಗ್ ಹೇಳುವ ಚಾರ್‌ಸೆಟ್ ಕೂಡ ಯುಟಿಎಫ್-8 ಇರುವುದಿಲ್ಲ. ನಿಮ್ಮ ಹೊಸ ಫುಟರನ್ನು ಸುಮ್ನೆ ತುರುಕಿದರೆ ಅಡಿಯಲ್ಲಿ ಓದಲಾಗದ ಗುರುತುಗಳ ಸಾಲು ಬರುತ್ತದೆ.

ಸರಿಯಾದ ದಾರಿ ಅಂದರೆ ಆ ಪುಟಗಳನ್ನು ಯುನಿಕೋಡ್‌ಗೆ ಪರಿವರ್ತಿಸುವುದು. ಪರಿವರ್ತಕಗಳು ಸಿಗುತ್ತವೆ, ಆದರೆ ಒತ್ತಕ್ಷರ, ಅರ್ಕಾವತ್ತನ್ನು ಕಣ್ಣಿಟ್ಟು ನೋಡಬೇಕು. ಪ್ರಸಂಗದ ಪದ್ಯಗಳಿದ್ದರೆ ಇನ್ನೂ ಜಾಗ್ರತೆ. ಅಲ್ಲಿಯವರೆಗೆ ಒಂದು ತಾತ್ಕಾಲಿಕ ಉಪಾಯ ಉಂಟು. ಫುಟರ್‌ನ ಪ್ರತಿ ಕನ್ನಡ ಅಕ್ಷರವನ್ನೂ ಸಂಖ್ಯೆಯಾಗಿ ಬರೆಯುವುದು. ಆ್ಯಂಪರ್‌ಸ್ಯಾಂಡ್, ಹ್ಯಾಶ್, 3221, ಸೆಮಿಕೋಲನ್ ಅಂದರೆ ಕ. ಪುಟದ ಚಾರ್‌ಸೆಟ್ ಏನೇ ಇದ್ದರೂ ಬ್ರೌಸರ್ ಇದನ್ನು ಕ ಅಂತಲೇ ಓದುತ್ತದೆ. ಕೈಯಿಂದ ಬರೆಯಬೇಕಿಲ್ಲ. ಪೈಥಾನ್‌ನಲ್ಲಿ ಆಸ್ಕಿಗೆ ಎನ್‌ಕೋಡ್ ಮಾಡುವಾಗ ಎಕ್ಸ್‌ಎಂಎಲ್‌ಚಾರ್‌ರೆಫ್‌ರಿಪ್ಲೇಸ್ ಎಂದು ಕೊಟ್ಟರೆ ಅದೇ ಮಾಡಿಕೊಡುತ್ತದೆ. ಈ ಪುಟಗಳನ್ನು ಮಾತ್ರ ಬೈಟ್ಸ್ ಆಗಿ ಓದಿ, ಬೈಟ್ಸ್ ಆಗಿಯೇ ಬರೆಯಿರಿ.

ಪಣಂಬೂರು

ಒಂದು ಸೇರಿಸುತ್ತೇನೆ. ಆ ಪುಟಗಳಲ್ಲಿ ಬಾಡಿ ಟ್ಯಾಗ್‌ಗೆ ನುಡಿ ಫಾಂಟ್ ಕೊಟ್ಟಿರುತ್ತಾರೆ. ಫುಟರ್‌ಗೆ ಬೇರೆ ಫಾಂಟ್ ಹೇಳದಿದ್ದರೆ, ಆ ಫಾಂಟ್ ಹಾಕಿಕೊಂಡವರ ಕಂಪ್ಯೂಟರ್‌ನಲ್ಲಿ ನಿಮ್ಮ ಇಮೇಲ್ ವಿಳಾಸ ಕನ್ನಡದ ತುಂಡು ಅಕ್ಷರಗಳಾಗಿ ಕಾಣುತ್ತದೆ. ಫುಟರ್ ಟ್ಯಾಗ್‌ಗೇ ನೋಟೋ ಸ್ಯಾನ್ಸ್ ಕನ್ನಡ, ಅದರ ನಂತರ ಸ್ಯಾನ್ಸ್ ಸೆರಿಫ್ ಅಂತ ಕೊಟ್ಟುಬಿಡಿ.

ಕಲ್ಸಂಕ

ಇಮೇಲ್ ಹಾಗೆ ಕಾಣುತ್ತಿದ್ದದ್ದು ನಿಜ, ಶಾಲೆಯ ಕಂಪ್ಯೂಟರ್‌ನಲ್ಲಿ ನುಡಿ ಇದೆ. ಫಾಂಟ್ ಕೊಟ್ಟ ಮೇಲೆ ಸರಿಯಾಯಿತು. ಸಂಖ್ಯೆಯ ಉಪಾಯದಿಂದ ಉಳಿದ ಪುಟಗಳೂ ಆದವು. ಪದ್ಯ ಇಲ್ಲದ ಪುಟಗಳನ್ನು ಮೊದಲು ಯುನಿಕೋಡ್ ಮಾಡಿಸುತ್ತೇನೆ, ಪದ್ಯ ಇರುವವನ್ನು ನಮ್ಮ ಭಾಗವತರಿಗೆ ತೋರಿಸಿಯೇ ಮಾಡಬೇಕು. ಫೋಲ್ಡರ್‌ನಲ್ಲಿ ಓದಿ ನೋಡಿ ಎಂಬ ಫೈಲ್ ಇಟ್ಟು, ಫುಟರ್ ಫೈಲ್ ಎಲ್ಲಿದೆ, ಸ್ಕ್ರಿಪ್ಟ್ ಹೇಗೆ ಓಡಿಸುವುದು, ಗುರುತುಗಳನ್ನು ಅಳಿಸಬಾರದು ಎಂದು ಕನ್ನಡದಲ್ಲೇ ಬರೆದಿದ್ದೇನೆ.

ಮಣ್ಣಪಳ್ಳ

ಆ ಫೈಲನ್ನು ಸರ್ವರ್‌ಗೆ ಅಪ್‌ಲೋಡ್ ಮಾಡಬೇಡಿ. ಸ್ಕ್ರಿಪ್ಟನ್ನೂ ಅಷ್ಟೆ. ಎರಡೂ ಲ್ಯಾಪ್‌ಟಾಪ್‌ನಲ್ಲಿ ಮತ್ತು ಸಂಘದ ಡ್ರೈವ್‌ನಲ್ಲಿ ಇರಲಿ.